ರುದ್ರಭೂಮಿಯ ಡೇಟಾಬೇಸ್ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಮ್ಮ ಸಮಾಜದ ಟ್ರಸ್ಟಿನ ವಾಟ್ಸಾಪ್ ಗುಂಪಿನಿಂದ. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದೆ, ಫೋನು ಗುಂಯ್ ಎಂದಿತು. ತೆರೆದರೆ ಶ್ರದ್ಧಾಂಜಲಿಯ ಕಾರ್ಡು. ನಾಲ್ಕು ಮೂಲೆಗೂ ತಾವರೆ, ಹಿಂದೆ ಹಿಮದ ಬೆಟ್ಟ, ನಡುವೆ ಮೇಡಂ ಅವರ ಫೋಟೋ, ಮೇಲೆ ಬಂಗಾರದ ಅಕ್ಷರದಲ್ಲಿ ‘ಶಿವೈಕ್ಯರಾದರು’. ಮೇಡಂ ಅವರ ತಮ್ಮ ನನಗೆ ಆಸ್ಪತ್ರೆಯಿಂದ ಫೋನ್ ಮಾಡುವ ಮೊದಲೇ ಆ ಕಾರ್ಡು ಜಯನಗರ, ಬನಶಂಕರಿಗಳನ್ನು ಸುತ್ತಿ ಬಂದಿತ್ತು. ಮಾಡಿದವರು ನಮ್ಮ ಟ್ರಸ್ಟಿನ ಅಧ್ಯಕ್ಷರು. ಆನ್‌ಲೈನಿನಲ್ಲಿ ಕಾರ್ಡು, ಪೋಸ್ಟರು, ಬ್ಯಾನರು ಮಾಡಿಕೊಳ್ಳುವ ತಾಣವೊಂದಿದೆ. ಅದರಲ್ಲಿ ಅವರ ಕೈ ಚೆನ್ನಾಗಿ ಪಳಗಿದೆ. ಯಾರಾದರೂ ಸತ್ತರೆ ಅಳುವುದಕ್ಕೆ ಮುಂಚೆ ಅವರಿಗೆ ಕಾರ್ಡಿನ ಯೋಚನೆ ಬರುತ್ತದೆ.

ನನಗೆ ಸಿಟ್ಟು ಬಂತು. ಸಾವಿನ ಸುದ್ದಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಆ ತಾವರೆಗಳನ್ನು ನೋಡಿಯೇ ಬಂತು.

ನಾನು ಜಯನಗರದಲ್ಲಿ ಸ್ಟೀಲ್ ಪಾತ್ರೆ ಮಾರುವವನು. ಟ್ರಸ್ಟಿನ ಕಾರ್ಯದರ್ಶಿ ಎಂಬ ಹೆಸರೂ ಇದೆ. ಆ ಹೆಸರಿನಿಂದ ನಾನು ಸಂಪಾದಿಸಿದ್ದೇನಾದರೂ ಇದ್ದರೆ ಅದು ರಕ್ತದೊತ್ತಡ ಮತ್ತು ಮೇಡಂ ಅವರ ಪರಿಚಯ, ಎರಡೇ. ಟ್ರಸ್ಟು ಮಾಡುವ ಮುಖ್ಯ ಕೆಲಸ ರುದ್ರಭೂಮಿಯನ್ನು ನೋಡಿಕೊಳ್ಳುವುದು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ. ಊರಿನಲ್ಲಾದರೆ ಅವರವರ ಹೊಲ ಇರುತ್ತದೆ. ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ಪ್ರಾಣ ಬಿಟ್ಟವರಿಗೆ ಹೊಲ ಎಲ್ಲಿಂದ ಬರಬೇಕು? ಪುಟ್ಟೇನಹಳ್ಳಿಯ ಆಚೆ ನಮ್ಮ ಹಿರಿಯರು ಎಂದೋ ಮಾಡಿಟ್ಟ ಸಣ್ಣ ಜಾಗವಿದೆ. ಈಗ ಅದರ ಮೂರು ಕಡೆಯೂ ಅಪಾರ್ಟ್‌ಮೆಂಟುಗಳು. ಜಾಗ ಹಿಗ್ಗುವುದಿಲ್ಲ, ಸಾಯುವವರು ನಿಲ್ಲುವುದಿಲ್ಲ. ಅದಕ್ಕಾಗಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಒಬ್ಬರನ್ನು ಇಟ್ಟ ಜಾಗವನ್ನು ಹದಿನಾಲ್ಕು ವರ್ಷ ಮುಟ್ಟಬಾರದು, ಶ್ರೀರಾಮನ ವನವಾಸದಷ್ಟು. ಆಮೇಲೆ ಮಣ್ಣು ಮಣ್ಣಾಗಿರುತ್ತದೆ, ಇನ್ನೊಬ್ಬರಿಗೆ ಕೊಡಬಹುದು.

ಕಟ್ಟಳೆಯೇನೋ ಇತ್ತು. ಯಾರು ಎಲ್ಲಿದ್ದಾರೆ, ಯಾವಾಗಿನಿಂದ ಇದ್ದಾರೆ ಎಂಬುದು ಮಾತ್ರ ಗುಂಡಿ ತೆಗೆಯುವ ಮುನಿಯಪ್ಪನ ತಲೆಯಲ್ಲಿತ್ತು. ಅವನ ತಲೆಯಲ್ಲಿ ಸಂಜೆಯ ಮೇಲೆ ಬೇರೆಯದೂ ಇರುತ್ತಿತ್ತು.

ಮೇಡಂ ಅವರನ್ನು ಮೊದಲು ನೋಡಿದ್ದು ಅವರ ಗಂಡನ ಮಣ್ಣಿನ ದಿನ. ಬಾಗಲಕೋಟೆ ಕಡೆಯವರು, ಗಂಡ ಹೆಂಡತಿ ಇಬ್ಬರೂ ಇಲ್ಲಿ ಆಫೀಸು ಕೆಲಸ ಮಾಡುತ್ತಾ ಬಿಟಿಎಂನಲ್ಲಿ ಬಾಡಿಗೆಗಿದ್ದರು. ಮಕ್ಕಳಿರಲಿಲ್ಲ. ಗಂಡನಿಗೆ ಎದೆನೋವು ಬಂದು ಒಂದು ಮಧ್ಯಾಹ್ನದಲ್ಲಿ ಎಲ್ಲ ಮುಗಿದಿತ್ತು. ಮುನಿಯಪ್ಪ ಜಾಗ ತೋರಿಸಿ ಹಾರೆ ಹಾಕಿದ. ಅರ್ಧ ಆಳಕ್ಕೆ ಹೋಗುವಷ್ಟರಲ್ಲಿ ಹಿಂದಿನ ವರ್ಷ ಹೂತ ಒಬ್ಬರು ಸಿಕ್ಕಿದರು. ಮುನಿಯಪ್ಪ ಏನೂ ಆಗದವನಂತೆ ಮಣ್ಣು ಎಳೆದು ಮುಚ್ಚಿ, “ಇಲ್ಲಿ ಬೇಡ ಸಾರ್, ಅಲ್ಲಿ ನೋಡಾಣ” ಎಂದು ಕಾಂಪೌಂಡಿನ ಹತ್ತಿರದ ಹೊಂಗೆ ಮರದ ಕಡೆ ಹೊರಟ. ಆಕೆ ನೋಡುತ್ತಾ ನಿಂತಿದ್ದರು. ಕಿರುಚಲಿಲ್ಲ, ಯಾರನ್ನೂ ಬೈಯಲಿಲ್ಲ. ಗಂಡನನ್ನು ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಕೂರಿಸಿ ಹೊತ್ತು ತಂದ ಜನ ಬಿಸಿಲಿನಲ್ಲಿ ಕಾದರು.

ಗಂಡನ ತಿಥಿ ಕಾರ್ಯ, ಶಿವಗಣಾರಾಧನೆ ಮುಗಿದ ಮೇಲೆ ಆಕೆ ಒಂದು ಭಾನುವಾರ ತಿಲಕ್ ನಗರದ ನಮ್ಮ ಆಫೀಸಿಗೆ ಬಂದರು. ನಾನು ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಯಾರು ಎಲ್ಲಿ ಅದಾರಂತ ಇಲ್ಲಿ ಯಾರು ಬರದಿಡ್ತಾರ್ರಿ?”

“ಮುನಿಯಪ್ಪಂಗೆ ಎಲ್ಲಾ ಗೊತ್ತು ಮೇಡಂ.”

“ಮುನಿಯಪ್ಪಗ ಜ್ವರ ಬಂದ್ರ?”

ಮುಂದಿನ ಭಾನುವಾರ ಒಂದು ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಆಫೀಸಿನಲ್ಲಿ ಅವರ ಕೆಲಸವೇ ಡೇಟಾಬೇಸ್ ನೋಡಿಕೊಳ್ಳುವುದು. ಹಾಗೆಂದರೇನು ಎಂದು ನಾನು ಕೇಳಿದ್ದಕ್ಕೆ, ನನ್ನ ಅಂಗಡಿಯನ್ನೇ ಹಿಡಿದು ಹೇಳಿದರು.

“ನಿಮ್ಮ ಅಂಗಡಿ ಮುಂದ ಗಾಜಿನ ಶೋಕೇಸ್ ಐತಿ. ಹಿಂದ ಗೋಡೌನ್ ಐತಿ. ಶೋಕೇಸಿನ್ಯಾಗ ಏನಿಟ್ರೂ ಚಂದ ಕಾಣತೈತಿ. ಆದ್ರ ಎಷ್ಟು ಕೊಳಗ ಅದಾವಂತ ನೋಡಾಕ ನೀವು ಎಲ್ಲಿ ಹೋಗ್ತೀರಿ? ಗೋಡೌನಿಗೆ. ಡೇಟಾಬೇಸ್ ಅಂದ್ರ ಗೋಡೌನ್‌ರಿ.”

ಇದಕ್ಕೆ ತಿಂಗಳಾ ತಿಂಗಳಾ ಬಾಡಿಗೆ ಕಟ್ಟಬೇಕಾ ಎಂದು ವ್ಯಾಪಾರಿ ಬುದ್ಧಿಯಿಂದ ಕೇಳಿದೆ. “ಇಲ್ರೀ. ಇದು ಯಾರಪ್ಪನ ಸೊತ್ತೂ ಅಲ್ಲ. ಜಗತ್ತಿನ ಮಂದಿ ಕೂಡಿ ಕಟ್ಯಾರ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಬಳಸಬಹುದು. ದಾಸೋಹ ಇದ್ದಂಗ” ಎಂದರು. ಮುಕ್ತ ತಂತ್ರಾಂಶ ಎಂಬ ದೊಡ್ಡ ಮಾತಿನ ಅರ್ಥ ನನಗೆ ಆವತ್ತು ಒಂದೇ ಶಬ್ದದಲ್ಲಿ ಆಯಿತು.

ಆ ಮಳೆಗಾಲದ ಭಾನುವಾರಗಳಲ್ಲೆಲ್ಲಾ ಮುನಿಯಪ್ಪ ಕೋಲು ಹಿಡಿದು ಮುಂದೆ, ಮೇಡಂ ಕೊಡೆ ಹಿಡಿದು ಹಿಂದೆ. ಇಬ್ಬರಿಗೂ ಜಗಳ. ಅವನು ಹೇಳಿದ್ದೆಲ್ಲವನ್ನೂ ಅವರು ಬರೆದುಕೊಳ್ಳುತ್ತಿರಲಿಲ್ಲ. ಮನೆಯವರಿಗೆ ಫೋನ್ ಮಾಡಿ ಕೇಳುತ್ತಿದ್ದರು. ಕೆಲವು ಕಡೆ ಮುನಿಯಪ್ಪ ತಪ್ಪು ಹೇಳಿದ್ದು ಸಿಕ್ಕಿಬಿತ್ತು. “ಈಯಮ್ಮ ನನ್ನನ್ನ ಸತ್ತೋರ ಮುಂದೆ ಮರ್ಯಾದೆ ತೆಗೀತಾರೆ ಸಾರ್” ಎಂದು ನನ್ನಲ್ಲಿ ದೂರು ಹೇಳಿದ. ಆದರೂ ಮುಂದಿನ ಭಾನುವಾರ ಅವರಿಗಿಂತ ಮೊದಲೇ ಗೇಟಿನಲ್ಲಿ ನಿಂತಿರುತ್ತಿದ್ದ.

ಮೇಡಂ ಅವರ ಸ್ವಭಾವ ಹೇಳಬೇಕೆಂದರೆ ಕುಕ್ಕರಿನ ಕಥೆ ಸಾಕು. ಒಮ್ಮೆ ನನ್ನ ಅಂಗಡಿಗೆ ಕುಕ್ಕರ್ ಕೊಳ್ಳಲು ಬಂದರು. ಒಂದೊಂದನ್ನೂ ತೆಗೆದುಕೊಂಡು ಮುಚ್ಚಳವನ್ನು ಬೇಕೆಂದೇ ಓರೆಯಾಗಿ ಹಾಕಿ ತಿರುಗಿಸುತ್ತಿದ್ದರು. ಕೆಲಸದ ಹೆಣ್ಣುಮಗಳು ಸರಿಯಾಗಿ ಹಾಕುವುದನ್ನು ತೋರಿಸಲು ಹೋದಳು. “ಸರಿ ಹಾಕೂದು ನನಗ ಗೊತ್ತೈತವಾ. ತಪ್ಪು ಹಾಕಿದ್ರ ಏನ್ ಮಾಡತೈತಿ ನೋಡಾಕತ್ತೀನಿ” ಎಂದರು. ಒಂದು ಕುಕ್ಕರು ಓರೆ ಹಾಕಿದರೂ ಮುಚ್ಚಿಕೊಂಡಿತು. ಅದನ್ನು ಪಕ್ಕಕ್ಕೆ ತಳ್ಳಿ, “ಇದು ಭಾಳ ಒಳ್ಳೇದು, ಯಾರಿಗೂ ಬ್ಯಾಡ ಅನ್ನೂದಿಲ್ಲ. ಇದನ್ನ ಯಾರಿಗೂ ಮಾರಬ್ಯಾಡ್ರಿ” ಎಂದರು. ನಾನು ಅದನ್ನು ಕಂಪನಿಗೆ ವಾಪಸು ಕಳಿಸಿದೆ.

ಅವರ ಬಾಯಲ್ಲಿ ಬರುತ್ತಿದ್ದ ಮಾತೆಂದರೆ ‘ಆಗೂದಿಲ್ರಿ’. ಮನೆ ಮಾಲೀಕ ಬಾಡಿಗೆ ಏರಿಸಲು ಬಂದರೆ ಆಗೂದಿಲ್ರಿ. ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ತನ್ನನ್ನು ಬಿಟ್ಟು ಮಿಕ್ಕವರನ್ನು ಕರೆದ ನೆರೆಯವರು ಮರುದಿನ ಮಿಕ್ಕ ಹೋಳಿಗೆ ತಂದುಕೊಟ್ಟರೆ ಆಗೂದಿಲ್ರಿ. ನಮ್ಮ ಆಫೀಸಿನ ಕಾಫಿಯನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ಆಗೂದಿಲ್ರಿ. ಹಾಗೆಂದು ಒಣಗಿದ ಮನಸ್ಸಿನವರಲ್ಲ. ಊರಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಂದರೆ ಮುನಿಯಪ್ಪನ ಪಾಲು ಮೊದಲು ಎತ್ತಿಡುತ್ತಿದ್ದರು.

ಅವರು ಕಟ್ಟಿದ ಡೇಟಾಬೇಸಿಗೂ ಅವರದೇ ಗುಣ. ಒಂದು ಜಾಗಕ್ಕೆ ಒಬ್ಬರ ಹೆಸರಿದ್ದರೆ, ಹದಿನಾಲ್ಕು ವರ್ಷ ತುಂಬುವ ತನಕ ಇನ್ನೊಬ್ಬರ ಹೆಸರನ್ನು ಅದು ತೆಗೆದುಕೊಳ್ಳುತ್ತಿರಲಿಲ್ಲ. ವರ್ಷ ತುಂಬಿದವರನ್ನು ಹಿರಿಯರ ಪಟ್ಟಿಗೆ ಸೇರಿಸಿಕೊಳ್ಳುತ್ತಿತ್ತು. ತುಂಬದವರನ್ನು ಎಷ್ಟು ತಳ್ಳಿದರೂ ಅಲ್ಲಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಸತ್ತ ತಾರೀಖಿಲ್ಲದೆ ಯಾರನ್ನೂ ಒಳಗೇ ಕರೆಯುತ್ತಿರಲಿಲ್ಲ.

ಈ ತಾರೀಖಿನ ವಿಷಯವೇ ಮುಂದೆ ಮುಳುವಾಯಿತು. ಹೊಸದಾಗಿ ಆಯ್ಕೆಯಾದ ಅಧ್ಯಕ್ಷರು ಒಂದು ಭಾನುವಾರ ಬಂದು, ಗೇಟಿನ ಬಳಿಯ ಒಳ್ಳೆಯ ಜಾಗವನ್ನು ತಮ್ಮ ಮಾವನ ಹೆಸರಿಗೆ ಬರೆದಿಡಿ ಎಂದರು. ಮಾವ ಗಟ್ಟಿಮುಟ್ಟಾಗಿ ಬನಶಂಕರಿಯಲ್ಲಿ ವಾಕಿಂಗ್ ಮಾಡಿಕೊಂಡಿದ್ದರು. ಮೇಡಂ ಹೆಸರು ಟೈಪು ಮಾಡಿ, “ಸತ್ತ ತಾರೀಖು ಹೇಳ್ರಿ” ಎಂದರು. ಅಧ್ಯಕ್ಷರು ಕೆಂಪಾದರು. “ಮೇಡಂ, ಅವರಿನ್ನೂ ಇದ್ದಾರೆ.” “ಹಂಗಾದ್ರ ಇದು ತಗೋಳೂದಿಲ್ರಿ. ನಾನೇನು ಮಾಡ್ಲಿ?” ನಾನು ನಗು ತಡೆಯಲಾರದೆ ಹೊರಗೆ ಎದ್ದುಹೋದೆ.

ತಿಂಗಳು ಕಳೆಯುವುದರಲ್ಲಿ ಅಧ್ಯಕ್ಷರು ಆ ಡಿಸೈನ್ ತಾಣದಲ್ಲಿ ರುದ್ರಭೂಮಿಯ ನಕ್ಷೆ ಮಾಡಿಕೊಂಡು ಬಂದರು. ಸುಳ್ಳು ಹೇಳಬಾರದು, ಸುಂದರವಾಗಿತ್ತು. ಹಸಿರು ಹುಲ್ಲು, ಹೊಂಗೆ ಮರ, ಸಾಲುಸಾಲಾಗಿ ಚಿಕ್ಕ ಚೌಕಗಳು, ಚೌಕದೊಳಗೆ ಹೆಸರು. ಮಣ್ಣಿನಲ್ಲಿ ಇರುವವರದು ಕೇಸರಿ, ಖಾಲಿ ಇರುವುದು ಬಿಳಿ, ಮಾವನದು ತಿಳಿ ನೀಲಿ. ಕಮಿಟಿಯವರೆಲ್ಲರ ಫೋನಿನಲ್ಲೂ ತೆರೆಯುತ್ತಿತ್ತು. ಇನ್ನು ಮುಂದೆ ಹಳೆಯ ಕಂಪ್ಯೂಟರು ಬೇಕೇ, ಈ ನಕ್ಷೆ ಸಾಕೇ ಎಂದು ಮೀಟಿಂಗ್ ಕರೆದರು. ಎರಡನ್ನೂ ಹೋಲಿಸಿ ಹೇಳಬೇಕೆಂದು ಮೇಡಂ ಅವರನ್ನೇ ಕೇಳಿದರು.

“ಲಗ್ನಕ್ಕೂ ಲಗ್ನಪತ್ರಿಕೆಗೂ ಹೋಲಿಕಿ ಮಾಡ್ರಿ ಅಂದ್ರ ಹೆಂಗ್ ಮಾಡ್ಲಿರಿ?” ಎಂದು ಶುರು ಮಾಡಿದರು. ಆದರೆ ಆ ತಾಣವನ್ನು ಅವರು ಹಳಿಯಲಿಲ್ಲ. “ನಮ್ಮ ಮನೆಯವರ ಆರಾಧನಿ ಕಾರ್ಡು ನಾನು ಇದರಾಗ ಮಾಡಿದ್ದು. ಆವತ್ತು ನನಗ ಕೈಯಾಗ ಪೆನ್ನು ಹಿಡಿಯೂ ಶಕ್ತಿ ಇರಲಿಲ್ಲ. ಇದು ಒಂದು ಪ್ರಶ್ನಿ ಕೇಳಲಿಲ್ಲ. ಫೋಟೋ ಹಾಕಂದ್ರ ಹಾಕ್ತು, ಹೂವು ಇಡಂದ್ರ ಇಡ್ತು. ಆ ಉಪಕಾರ ನಾನು ಮರಿಯೂದಿಲ್ಲ. ಕಾರ್ಡಿಗೆ ಇದು ಬೇಕ್ರಿ. ಆದ್ರ ಮಣ್ಣಿನ ಕೆಳಗ ಯಾರು ಅದಾರಂತ ಹೇಳಾಕ ಇದನ್ನ ನಂಬಬ್ಯಾಡ್ರಿ.”

ಆಮೇಲೆ ಕಂಪ್ಯೂಟರಿನಲ್ಲಿ, ಇರುವವರ ಜಾಗಕ್ಕೆ ಇನ್ನೊಂದು ಹೆಸರು ಹಾಕಿ ತೋರಿಸಿದರು. ಆಗದು ಎಂದು ಸಾಲೊಂದು ಬಂತು. ನಂತರ ಅಧ್ಯಕ್ಷರ ನಕ್ಷೆಯನ್ನು ತೆರೆದು ಒಂದು ಕೇಸರಿ ಚೌಕವನ್ನು ಬೆರಳಲ್ಲಿ ಎಳೆದರು. ಅದು ಜಾರಿಕೊಂಡು ಇನ್ನೊಂದರ ಮೇಲೆ ಕುಳಿತಿತು. ಸುಮ್ಮನೆ ಕುಳಿತಿತು.

“ನೋಡಿದ್ರ್ಯಾ?” ಎಂದರು ಮೇಡಂ.

“ನೋಡಿದ್ವಿ ಮೇಡಂ. ಎಷ್ಟು ಈಸಿ ಅಲ್ವಾ?” ಎಂದರು ಅಧ್ಯಕ್ಷರು. ಸಭೆ ತಲೆಯಾಡಿಸಿತು. ನಾನು ಮೇಜು ಬಡಿದು ಕೂಗಾಡಿದೆ. ನನ್ನ ಕೂಗಾಟ ಅವರಿಗೆ ಹೊಸದಲ್ಲ. ಕೈ ಎತ್ತಿಸಿದರು, ನಕ್ಷೆ ಗೆದ್ದಿತು. ಮೇಡಂ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿಕೊಂಡರು. ಶಾಲು ಹೊದಿಸುವುದೆಂದರೆ ನಮ್ಮ ಕಡೆ ಬಾಗಿಲು ತೋರಿಸುವ ಮರ್ಯಾದೆಯ ಕ್ರಮ. ಕಂಪ್ಯೂಟರು ಅಟ್ಟ ಸೇರಿತು. ಮೇಡಂ ಡೇಟಾಬೇಸಿನ ಒಂದು ಪ್ರತಿಯನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋದರು.

ಆಮೇಲೆ ರುದ್ರಭೂಮಿಗೆ ಅವರು ಬರುತ್ತಿದ್ದದ್ದು ಸೋಮವಾರ ಬೆಳಿಗ್ಗೆ ಮುನಿಯಪ್ಪ ಬರುವ ಮೊದಲೇ, ಆಫೀಸಿಗೆ ಹೋಗುವ ದಾರಿಯಲ್ಲಿ, ಗಂಡನ ಜಾಗಕ್ಕೆ ಬಿಲ್ವಪತ್ರೆ ಇಡಲು ಮಾತ್ರ. ಅಲ್ಲಿ ಕಲ್ಲು ಹಾಕಿಸಿರಲಿಲ್ಲ. ನಾನೇ ಒಮ್ಮೆ ಕೇಳಿದ್ದಕ್ಕೆ, “ಹದಿನಾಲ್ಕು ವರ್ಷ ಆದ ಮ್ಯಾಲೆ ಮತ್ತೊಬ್ಬರಿಗೆ ಬಿಟ್ಟುಕೊಡಬೇಕಲ್ರಿ, ಕಲ್ಲು ಯಾಕ? ಅಷ್ಟು ವರ್ಷ ಅವರನ್ನ ಯಾರೂ ಎಬ್ಬಸದಿದ್ರ ಸಾಕು” ಎಂದಿದ್ದರು. ಮಣ್ಣಿನ ದಿನ ಕಣ್ಣಾರೆ ಕಂಡದ್ದು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಇಡೀ ಡೇಟಾಬೇಸನ್ನು ಕಟ್ಟಿದ್ದು ಈ ಒಂದು ಮಾತಿಗಾಗಿ ಎಂದು ನನಗೆ ಆವತ್ತು ಅರ್ಥವಾಯಿತು.

ಇನ್ನು ಹೇಳಬೇಕಾದ್ದನ್ನು ಹೇಳಲು ನನಗೆ ಮನಸ್ಸಿಲ್ಲ. ಹೇಳದಿದ್ದರೆ ಮೇಡಂ ಯಾರೆಂದು ಹೇಳಿದ ಹಾಗಾಗುವುದಿಲ್ಲ.

ಆ ವರ್ಷ ಡೆಂಗಿ ಜ್ವರ ಜೋರಾಗಿತ್ತು. ಶ್ರೀನಗರದ ಒಂದು ಮನೆಯ ಹುಡುಗಿ, ನರ್ಸಿಂಗ್ ಓದುತ್ತಿದ್ದವಳು, ತೀರಿಕೊಂಡಳು. ತಂದೆ ಇಲ್ಲ, ತಾಯಿ ಒಬ್ಬಳೇ. ಕಮಿಟಿಯವರು ಫೋನಿನಲ್ಲಿ ನಕ್ಷೆ ನೋಡಿ ಹೊಂಗೆ ಮರದ ಸಾಲಿನಲ್ಲಿ ಬಿಳಿ ಚೌಕವಿದೆ ಎಂದರು. ಬಾಡಿಗೆಯ ಮಣ್ಣು ತೋಡುವ ಯಂತ್ರ ಬಂತು. ಮಣ್ಣಾಯಿತು. ನಾನೂ ಹೋಗಿ ಒಂದು ಹಿಡಿ ವಿಭೂತಿ ಹಾಕಿ ಬಂದೆ.

ಮಾರನೆಯ ದಿನ ಬೆಳಿಗ್ಗೆ ಮುನಿಯಪ್ಪ ನನ್ನ ಅಂಗಡಿಗೆ ಬಂದ. ಗಿರಾಕಿಗಳಿದ್ದರು, ಹೋಗಲಿ ಎಂದು ಮೂಲೆಯಲ್ಲಿ ನಿಂತ.

“ಸಾರ್, ನಿನ್ನೆ ಗುಂಡಿ ಇತ್ತಲ್ಲ, ಅದು ಖಾಲಿ ಜಾಗ ಅಲ್ಲ ಸಾರ್. ಮಿಷಿನ್ ಎತ್ತಿದ ಮಣ್ಣಲ್ಲಿ ಮೂಳೆ ಬಂತು. ಹುಡುಗಿ ತಾಯಿ ಅಲ್ಲೇ ಅಂಚಲ್ಲಿ ನಿಂತ್ಕೊಂಡು ಅಳ್ತಾ ಇದ್ದಾಳೆ, ನಾನು ಹೆಂಗ್ ಹೇಳ್ಲಿ? ಬಂದಿದ್ದನ್ನ ಅದೇ ಗುಂಡಿ ಒಳಗೆ ಒಂದು ಬದಿಗೆ ಸರಿಸಿ ಬಟ್ಟೆ ಮುಚ್ಚಿ ಮಣ್ಣು ಹಾಕ್ದೆ. ಮ್ಯಾಪಲ್ಲಿ ಖಾಲಿ ಅಂತ ಅವ್ರು ಅಂದ್ರು ಸಾರ್. ನನಗೆ ಅನುಮಾನ ಇತ್ತು. ಮ್ಯಾಪ್ ಮುಂದೆ ನನ್ ಮಾತು ಯಾರು ಕೇಳ್ತಾರೆ?”

ನಾನು ಮೇಡಂಗೆ ಫೋನ್ ಮಾಡಿದೆ. ಆಫೀಸಿಗೆ ಹೊರಟವರು ಹಾಗೇ ಅಂಗಡಿಗೆ ಬಂದರು. ಕೌಂಟರಿನ ಮೇಲೆ ಕೊಳಗಗಳನ್ನು ಸರಿಸಿ ಲ್ಯಾಪ್‌ಟಾಪ್ ತೆರೆದರು. ಒಂದು ಪಕ್ಕ ಅಧ್ಯಕ್ಷರ ನಕ್ಷೆ, ಇನ್ನೊಂದು ಪಕ್ಕ ತಮ್ಮ ಡೇಟಾಬೇಸಿನ ಪ್ರತಿ. ನೋಡಿದರೆ ಹೊಂಗೆ ಮರದ ಸಾಲಿಗೆ ಸಾಲೇ ಒಂದು ಚೌಕದಷ್ಟು ಜರುಗಿಹೋಗಿತ್ತು. ಯಾರೋ ಎರಡು ಬೆರಳಿಟ್ಟು ದೊಡ್ಡದು ಮಾಡಿ ನೋಡಲು ಹೋಗಿ ಎಳೆದುಬಿಟ್ಟಿದ್ದಾರೆ. ಆ ತಾಣ ಯಾರನ್ನೂ ಕೇಳದೆ ಅದನ್ನು ಹಾಗೇ ಉಳಿಸಿಕೊಂಡಿದೆ. ಯಾರ ಬೆರಳೆಂದು ಹುಡುಕಬಹುದಿತ್ತೋ ಏನೋ, ಮೇಡಂ ಹುಡುಕಲಿಲ್ಲ.

“ಗ್ವಾಡಿ ಕಡಿಂದ ಎಷ್ಟನೇದು ಮುನಿಯಪ್ಪ?” ಎಂದು ಕೇಳಿದರು.

ಮುನಿಯಪ್ಪ ಹೇಳಿದ. ಮೇಡಂ ಪರದೆಯ ಮೇಲೆ ಬೆರಳು ಓಡಿಸಿಕೊಂಡು ಬಂದು ಒಂದು ಕಡೆ ನಿಲ್ಲಿಸಿದರು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ನೀರು ಕೇಳಿ ಕುಡಿದರು.

“ನಮ್ಮ ಮನೆಯವರು” ಎಂದರು.

ಮುನಿಯಪ್ಪ ಬಗ್ಗಿ ಅವರ ಕಾಲು ಮುಟ್ಟಿದ. ನನಗೆ ಆಕೆಯ ಮುಖ ನೋಡಲಾಗಲಿಲ್ಲ.

ಅಂದು ಸಂಜೆ ಅಧ್ಯಕ್ಷರು ಕೈ ಮುಗಿದುಕೊಂಡು ಬಂದರು. ಹೆದರಿದ್ದರು. ಇದು ಹೊರಗೆ ಬಂದರೆ ಟ್ರಸ್ಟಿನ ಮಾನ ಹೋಗುತ್ತದೆ, ಹುಡುಗಿಯ ಮನೆಯವರು ಕೇಸು ಹಾಕುತ್ತಾರೆ ಎಂದರು. “ಮೇಡಂ, ಆಗಿದ್ದು ಆಗೋಯ್ತು. ನಿಮ್ಮ ಯಜಮಾನ್ರಿಗೆ ಟ್ರಸ್ಟ್ ಕಡೆಯಿಂದಾನೇ ಫಸ್ಟ್ ಕ್ಲಾಸ್ ಗ್ರಾನೈಟ್ ಗದ್ದುಗೆ ಕಟ್ಟಿಸಿಕೊಡ್ತೀವಿ.”

“ಎಲ್ಲಿ ಕಟ್ಟಸ್ತೀರಿ?” ಎಂದರು ಮೇಡಂ.

ಮೇಡಂ ಮುಂದೆ ಮಾತು ಬೆಳೆಸಲಿಲ್ಲ. ಹುಡುಗಿಯ ತಾಯಿಗೆ ವಿಷಯ ತಿಳಿಸಿ, ಆಕೆ ಒಪ್ಪಿದರೆ ಹುಡುಗಿಯನ್ನು ಪಕ್ಕದ ನಿಜವಾದ ಖಾಲಿ ಜಾಗಕ್ಕೆ ಕೂಡಲೇ ಬದಲಿಸಬೇಕು ಎಂದರು. ಅದು ಅವರ ಹಕ್ಕು. ಅಡ್ಡ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಮರುದಿನ ನಾವಿಬ್ಬರೂ ಆಟೋ ಹತ್ತಿ ಶ್ರೀನಗರಕ್ಕೆ ಹೋದೆವು. ದಾರಿಯುದ್ದಕ್ಕೂ ಮೇಡಂ ಹೇಳಬೇಕಾದ ಮಾತನ್ನು ತಮ್ಮಲ್ಲೇ ಅಂದುಕೊಳ್ಳುತ್ತಿದ್ದದ್ದು ತುಟಿಯಲ್ಲಿ ಕಾಣುತ್ತಿತ್ತು.

ಒಂದೇ ಕೋಣೆಯ ಮನೆ. ಗೋಡೆಗೆ ಹುಡುಗಿಯ ಬಿಳಿ ಕೋಟು ಇನ್ನೂ ನೇತಾಡುತ್ತಿತ್ತು. ತಾಯಿ ನಮ್ಮನ್ನು ಟ್ರಸ್ಟಿನವರು ಎಂದು ಗುರುತಿಸಿ ಚಾಪೆ ಹಾಸಿದಳು. ಮೇಡಂ ಬಾಯಿ ತೆರೆಯುವ ಮೊದಲೇ ಆಕೆಯೇ ಮಾತು ಶುರು ಮಾಡಿದಳು.

“ಒಳ್ಳೇ ಜಾಗ ಕೊಟ್ರಿ ಸಾರ್, ಮರದ ನೆರಳು. ಒಂದೇ ಯೋಚ್ನೆ ನಂಗೆ. ಅವ್ಳಿಗೆ ಒಬ್ಳೇ ಇರೋದು ಅಂದ್ರೆ ಭಯ ಅಕ್ಕ. ಇಷ್ಟು ದೊಡ್ಡೋಳಾದ್ರೂ ನನ್ ಸೆರಗು ಹಿಡ್ಕೊಂಡೇ ಮಲಗ್ತಿದ್ಲು. ಕರೆಂಟ್ ಹೋದ್ರೆ ಕಿರುಚ್ಕೊಳ್ಳೋಳು. ಈಗ ಅಲ್ಲಿ, ಆ ಕತ್ಲಲ್ಲಿ, ಒಬ್ಳೇ ಏನ್ಮಾಡ್ತಾಳೋ.”

ಆ ತಾಯಿ ಮೇಡಂ ಅವರ ಮುಖವನ್ನೇ ನೋಡುತ್ತಿದ್ದಳು, ಉತ್ತರ ಅಲ್ಲಿರುವ ಹಾಗೆ. ಮೇಡಂ ಆಕೆಯ ಕೈ ಹಿಡಿದುಕೊಂಡರು. ಹಿಡಿದುಕೊಂಡೇ ಕೂತರು. ಬಂದ ಕೆಲಸದ ಒಂದು ಮಾತೂ ಆಡಲಿಲ್ಲ. ನಾನು ಹೇಳಲು ಹೋದರೆ ಕಣ್ಣಿನಲ್ಲೇ ಬೇಡವೆಂದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದೆವು.

ಆಟೋದಲ್ಲಿ ಬಹಳ ದೂರ ಬಂದ ಮೇಲೆ, “ಆಕಿ ಒಬ್ಬಕೀನ ಇಲ್ರಿ. ಜತಿಗೆ ಇವರು ಅದಾರ” ಎಂದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಗಂಡ ಸತ್ತ ದಿನ ಅಳದಿದ್ದ ಹೆಂಗಸು. ಆಟೋದವನು ಕನ್ನಡಿಯಲ್ಲಿ ನೋಡಿ ನಿಧಾನ ಮಾಡಿದ.

ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದೆವು. ನಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ. ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈಚೆಗೆ ಮಣ್ಣಾದವರ ಹೆಸರುಗಳನ್ನು ಒಂದೊಂದಾಗಿ ಸೇರಿಸಿದರು. ಹುಡುಗಿಯ ಸರದಿ ಬಂತು. ಆ ಜಾಗಕ್ಕೆ ಹಾಕಿದರು. ಡೇಟಾಬೇಸು ಆಗದು ಎಂದಿತು. ಅಲ್ಲಿ ಒಬ್ಬರಿದ್ದಾರೆ, ಅವರ ವರ್ಷ ತುಂಬಿಲ್ಲ.

“ರೂಲ್ ಮಾಡಿದ್ದು ನೀವೇ ಅಲ್ವಾ ಮೇಡಂ? ಇದೊಂದಕ್ಕೆ ಸ್ವಲ್ಪ ಸಡಿಲ ಮಾಡಿ. ಇಬ್ಬರ ಹೆಸರೂ ಇರ್ಲಿ” ಎಂದೆ.

“ನಮ್ಮ ಮನೆಯವರ ಸಲುವಾಗಿ ಸಡ್ಲ ಮಾಡಿದ್ರ, ನಾಳೆ ಅಧ್ಯಕ್ಷರ ಮಾವನ ಸಲುವಾಗಿ ಸಡ್ಲ ಮಾಡಬೇಕಾಗತೈತ್ರಿ.”

“ಹಂಗಾದ್ರೆ ಹುಡುಗೀನ ಬೇರೆ ನಂಬರಿಗೆ ಹಾಕಿ. ಯಾರು ನೋಡ್ತಾರೆ?”

“ಆ ತಾಯಿ ಬಂದು ಕೇಳ್ತಾಳಲ್ರಿ, ಮಗಳು ಎಲ್ಲಿ ಅದಾಳಂತ. ಆಕಿಗೆ ಸುಳ್ಳು ತೋರಸ್ತೀರೇನು? ಹುಡುಗಿಗೂ ಹದಿನಾಲ್ಕು ವರ್ಷ ಸಿಗಬೇಕಲ್ಲ. ಇಲ್ಲಿ ಹೆಸರಿಲ್ಲಂದ್ರ ಮತ್ತೊಬ್ಬರು ಬಂದು ತೋಡ್ತಾರ.” ಪರದೆ ನೋಡುತ್ತಾ ಹೇಳಿದರು. “ಇವರು ಎಲ್ಲಿ ಅದಾರಂತ ನನಗ ಗೊತ್ತೈತಿ. ನನಗ ಗೊತ್ತಿದ್ರ ಸಾಕು.”

ಕನ್ನಡಕ ಒರೆಸಿಕೊಂಡರು. ಗಂಡನ ಹೆಸರಿನ ಸಾಲನ್ನು ಅಳಿಸುವ ಆಜ್ಞೆಯನ್ನು ಟೈಪು ಮಾಡಿದರು. ತಪ್ಪಿಲ್ಲದೆ, ಯಾವತ್ತಿನ ಹಾಗೆ ಎರಡು ಸಲ ಓದಿದರು. ಗುಂಡಿ ಒತ್ತಿದರು. ಅಳಿಸಿದ್ದು ಒಂದು ಸಾಲು ಎಂದು ಪರದೆ ತೋರಿಸಿತು. ಅಷ್ಟೇ ತೋರಿಸಿತು. ಮುಂದಿನ ಸಾಲಿನಲ್ಲಿ ಹುಡುಗಿಯ ಹೆಸರು ಹಾಕಿದರು. ಈ ಸಲ ತೆಗೆದುಕೊಂಡಿತು. ಬೇಡ ಎನ್ನುವುದನ್ನು ಅದಕ್ಕೆ ಕಲಿಸಿದವರು ಅವರೇ. ಆ ಒಂದು ಸಲವಾದರೂ ಅದು ಅವರ ಮಾತು ಮೀರಿ ಇಬ್ಬರನ್ನೂ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಮೇಡಂ ತೀರಿಕೊಂಡಾಗ ಅವರ ತಮ್ಮ ದೇಹವನ್ನು ಊರಿಗೆ ತೆಗೆದುಕೊಂಡು ಹೋದ. ಅಲ್ಲಿ ಅವರ ತಂದೆಯ ಹೊಲದಲ್ಲಿ ಮಣ್ಣು ಮಾಡಿದರಂತೆ. ಇಲ್ಲೇ ಇಡೋಣ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎಲ್ಲಿ ಎಂದು ಅವನು ಕೇಳಿದ್ದರೆ ನಾನು ಏನು ತೋರಿಸಲಿ? ಕಾರ್ಡು ಮಾತ್ರ ಇನ್ನೂ ನನ್ನ ಫೋನಿನಲ್ಲಿದೆ. ಆ ಕಾರ್ಡಿನಲ್ಲಿರುವ ಮೇಡಂ ನನಗೆ ಗುರುತು ಸಿಗುವುದಿಲ್ಲ. ನಾನು ನೆನೆಯುವುದು ಅವರನ್ನು ಕಡೆಯ ಸಲ ರುದ್ರಭೂಮಿಯಲ್ಲಿ ನೋಡಿದ ಸೋಮವಾರವನ್ನು.

ಆವತ್ತು ನೀರಿನ ಪೈಪು ರಿಪೇರಿಗೆಂದು ನಾನೂ ಹೋಗಿದ್ದೆ. ಮೇಡಂ ಹೊಂಗೆ ಮರದ ಕೆಳಗೆ ನಿಂತಿದ್ದರು. ಬಿಲ್ವಪತ್ರೆ ತರುವುದನ್ನು ನಿಲ್ಲಿಸಿದ್ದರು. ಸುಮ್ಮನೆ ನಿಂತು ಹೋಗುತ್ತಿದ್ದರು. ಹುಡುಗಿಯ ತಾಯಿಯೂ ಬಂದಿದ್ದಳು. ಮಗಳ ಜಾಗದ ಸುತ್ತ ಇಟ್ಟಿಗೆ ಜೋಡಿಸಿ, ಸಗಣಿ ಸಾರಿಸಿ, ಸೇವಂತಿಗೆ ಇಡುತ್ತಿದ್ದಳು. ಪಕ್ಕದಲ್ಲಿ ನಿಂತ ಮೇಡಂ ಅವರನ್ನು ನೋಡಿ ಆಕೆಗೆ ಏನೋ ಹೊಳೆದಂತೆ ಕೇಳಿದಳು.

“ಅಕ್ಕ, ನೀವು ಪ್ರತಿ ಸೋಮವಾರ ಬಂದು ನನ್ ಮಗಳ ಹತ್ರ ನಿಂತ್ಕೋತೀರಂತೆ, ಮುನಿಯಪ್ಪ ಹೇಳ್ದ. ನಿಮ್ಮೋರೂ ಇಲ್ಲೇ ಅಂತೆ. ಯಾವ ಕಡೆ ಇದ್ದಾರೆ?”

ಮೇಡಂ ಹಿಂದಿನ ಸಾಲಿನ ಕಡೆ ಕೈ ತೋರಿಸಿದರು. “ಆ ಕಡೆ ಅದಾರವಾ.”

“ಬರೀ ಕೈಯಲ್ಲಿ ಬಂದಿದ್ದೀರಲ್ಲ. ತಗೊಳ್ಳಿ, ಅವ್ರಿಗೂ ಇಡಿ” ಎಂದು ಆ ತಾಯಿ ಮಗಳ ಮೇಲಿಟ್ಟ ಹೂವಿನಲ್ಲಿ ಅರ್ಧ ಎತ್ತಿ ಮೇಡಂ ಅವರ ಬೊಗಸೆಗೆ ಹಾಕಿದಳು.

ಆಗೂದಿಲ್ರಿ ಎನ್ನುವ ಹೆಂಗಸು ಆವತ್ತು ಏನೂ ಅನ್ನಲಿಲ್ಲ. ಹೂವನ್ನು ಎದೆಗೆ ಹಿಡಿದುಕೊಂಡು, ಗಂಡನನ್ನು ಅಲ್ಲೇ ಬಿಟ್ಟು, ಹಿಂದಿನ ಸಾಲಿನವರೆಗೆ ನಡೆದು ಹೋದರು. ತಾಯಿ ನೋಡುತ್ತಿದ್ದಳು. ಮೇಡಂ ಬಗ್ಗಿ, ಯಾರದೋ ಜಾಗದ ಮೇಲೆ ಹೂವಿಟ್ಟು, ಕೈ ಮುಗಿದರು.